‘ಫಿಕಾರ್’ ಅಂದರೆ ‘ಉಳಿ’ ಅಷ್ಟೇನಾ?

ಪ್ರಶ್ನೆ (ಹೊಸ ಕಲಿಕೆ)

ಬ್ರೆಜಿಲ್‌ನ ಪೋರ್ಚುಗೀಸ್ ಕಲಿಯುತ್ತಿದ್ದೇನೆ. ‘ಫಿಕಾರ್’ ಅನ್ನೋ ಕ್ರಿಯಾಪದ ತಲೆ ತಿನ್ನುತ್ತಿದೆ. ನಿಘಂಟಿನಲ್ಲಿ ಮೊದಲ ಅರ್ಥ ‘ಉಳಿ, ತಂಗು’. ಆದರೆ ಸಾವೊ ಪಾವ್ಲೊದ ಸಹೋದ್ಯೋಗಿಗಳ ಮೆಸೇಜುಗಳಲ್ಲಿ ಬೇರೆಯೇ ಕಾಣುತ್ತದೆ. ‘ಓಂಜಿ ಫೀಕ ಉ ಬಾಂಕು?’ (ಬ್ಯಾಂಕ್ ಎಲ್ಲಿದೆ?), ‘ಫಿಕೇ ತ್ರಿಸ್ಚಿ’ (ಬೇಜಾರಾಯಿತು), ‘ಎಲಿ ಫಿಕೋ ಜಿ ಲಿಗಾರ್’. ಕೊನೆಯದು ನನಗೆ ಅರ್ಥವೇ ಆಗಲಿಲ್ಲ. ಈ ಮೂರರಲ್ಲೂ ಯಾರೂ ಎಲ್ಲೂ ತಂಗುತ್ತಿಲ್ಲ! ಏನಾದರೂ ಹಿಡಿತ ಇದೆಯಾ, ಅಥವಾ ಸುಮ್ನೆ ಬಾಯಿಪಾಠ ಮಾಡಬೇಕಾ?

ಉತ್ತರ (ಅನುವಾದದವಳು)

ಬಾಯಿಪಾಠ ಬೇಡ. ಪೋರ್ಚುಗೀಸ್ ಕಾಗದಪತ್ರ ಅನುವಾದಿಸುವುದೇ ನನ್ನ ಕೆಲಸ. ನಾನು ಮೊದಲು ಹುಡುಕುವುದು ನಮ್ಮ ‘ಆಗು’ವನ್ನು, ‘ಉಳಿ’ಯನ್ನಲ್ಲ. ಬೇಜಾರಾಯಿತು, ಹಸಿವಾಯಿತು, ಭಯವಾಯಿತು, ಸಿಟ್ಟು ಬಂತು: ಇವೆಲ್ಲಕ್ಕೂ ಫಿಕಾರ್ ಸಾಕು. ‘ಎಸ್ತೋ ತ್ರಿಸ್ಚಿ’ ಅಂದರೆ ಈಗ ಬೇಜಾರಿನಲ್ಲಿದ್ದೇನೆ. ‘ಫಿಕೇ ತ್ರಿಸ್ಚಿ’ ಅಂದರೆ ಏನೋ ನಡೆಯಿತು, ಅದರಿಂದ ಬೇಜಾರಾಯಿತು. ಆ ‘ಏನೋ ನಡೆಯಿತು’ ಇದ್ದರೆ ಫಿಕಾರ್ ಹಾಕಿ. ಒಂದೇ ಕಷ್ಟ, ನಾವು ‘ನನಗೆ’ ಹಸಿವಾಯಿತು ಅನ್ನುತ್ತೇವೆ, ಪೋರ್ಚುಗೀಸ್‌ನಲ್ಲಿ ‘ನಾನು’ ಕರ್ತೃ.

ಜಾಗದ ವಿಚಾರ ಸುಲಭ. ಊರು, ಕಟ್ಟಡ, ರಸ್ತೆಯಂಥ ಅಲುಗಾಡದ ವಸ್ತುವಿಗೆ ಫಿಕಾರ್. ಕೀ ಎಲ್ಲಿದೆ ಅಂತ ಕೇಳಲು ಎಸ್ತಾರ್ (ಸದ್ಯಕ್ಕೆ ‘ಇರು’; ಮೇಲಿನ ‘ಎಸ್ತೋ’ ಇದರದ್ದೇ ರೂಪ). ನಾವೂ ‘ಆ ಊರು ಎಲ್ಲಿ ಬರುತ್ತೆ?’ ಅನ್ನುತ್ತೇವೆ, ಊರು ನಡೆದುಕೊಂಡು ಬರುತ್ತದಾ?

ಇನ್ನು ‘ಫಿಕೋ ಜಿ ಲಿಗಾರ್’. ‘ಫೋನ್ ಮಾಡ್ತೀನಿ ಅಂದಿದ್ದ’ ಅಂತ ಅರ್ಥ. ಆಫೀಸ್ ಮೆಸೇಜಿನಲ್ಲಿ ಇದು ಕಂಡರೆ ಹುಷಾರು. ‘ಇನ್ನೂ ಮಾಡಿಲ್ಲ’ ಅನ್ನುವುದು ಎಷ್ಟೋ ಸಲ ಅದರೊಳಗೇ ಇರುತ್ತದೆ. ಅನುವಾದದಲ್ಲಿ ‘ಒಪ್ಪಿಕೊಂಡರು’ ಅಂತ ಬರೆದರೆ ಆ ಸಣ್ಣ ದೂರು ಮಾಯವಾಗುತ್ತದೆ.

ಜೊತೆಗೆ ಬರುವ ಪುಟ್ಟ ಪದವನ್ನೂ ನೋಡಿ. ‘ಕೋಂ’ ಬಂದರೆ ಇಟ್ಟುಕೊಳ್ಳೋದು: ಅಂಗಡಿಯಲ್ಲಿ ‘ವೋ ಫಿಕಾರ್ ಕೋಂ ಎಸ್ಚಿ’, ಇದನ್ನೇ ತಗೋತೀನಿ. ‘ಸೇಂ’ ಬಂದರೆ ಖಾಲಿಯಾಗೋದು: ‘ಫಿಕೇ ಸೇಂ ಬತೆರೀಯ’, ನನ್ನ ಬ್ಯಾಟರಿ ಮುಗಿಯಿತು. ‘ಪಾರ ಅಮಾನ್ಯಾಂ’ ಬಂದರೆ ಕೆಲಸ ನಾಳೆಗೆ ಹೋಯಿತು ಅಂತ.

ಉತ್ತರ (ಲಿಸ್ಬನ್ನಿಂದ)

ಮೇಡಂ ಚೆನ್ನಾಗಿ ಹೇಳಿದ್ದಾರೆ. ಇಲ್ಲಿ ಒಂದು ವ್ಯತ್ಯಾಸ ಇದೆ. ‘ಮಾತಾಡ್ತಾನೇ ಇದ್ದ’ ಅನ್ನಲು ಬ್ರೆಜಿಲ್‌ನವರು ‘ಫಿಕೋ ಫಲಾಂದು’ ಅಂದರೆ, ಇಲ್ಲಿ ಜಾಸ್ತಿ ಕೇಳುವುದು ‘ಫಿಕೋ ಅ ಫಲಾರ್’. ‘ಫಿಕಾರ್ ಅ ವೇರ್ ನವೀಯುಶ್’ ಅಂತಲೂ ಇದೆ. ಹಡಗು ನೋಡುತ್ತಾ ಉಳಿಯುವುದು, ಅಂದರೆ ಆಸೆಪಟ್ಟದ್ದು ಸಿಗದೆ ಬರಿಗೈಯಲ್ಲಿ ನಿಲ್ಲುವುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಸಹೋದ್ಯೋಗಿ ಇನ್ನಿಬ್ಬರ ಬಗ್ಗೆ ‘ಎಲಿಸ್ ಫಿಕಾರಂ’ ಅಂದಳು, ಎಲ್ಲರೂ ನಕ್ಕರು. ಎಲ್ಲಿ ಉಳಿದರು ಅಂತ ಕೇಳಿದೆ, ಇನ್ನೂ ಜಾಸ್ತಿ ನಕ್ಕರು.

ಉತ್ತರ (ಅನುವಾದದವಳು)

ನಗದೇ ಇರುತ್ತಾರಾ! ಬ್ರೆಜಿಲ್‌ನಲ್ಲಿ ಇಬ್ಬರು ‘ಫಿಕಾರಂ’ ಅಂದರೆ ಪಾರ್ಟಿಯಲ್ಲೋ ಎಲ್ಲೋ ಮುತ್ತಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಮುಂದೆ ಹೋದರು, ಯಾವ ಮಾತುಕೊಡುವಿಕೆಯೂ ಇಲ್ಲ. ಅಂಥ ಜೊತೆಗಾರರಿಗೆ ‘ಫಿಕಾಂಚಿ’ ಅಂತ ಹೆಸರೂ ಇದೆ. ಸಂಬಂಧ ಗಟ್ಟಿಯಾದ ಮೇಲೆ ಬರುವುದು ‘ನಮೊರಾರ್’. ಆದರೆ ಮಗು ಅಜ್ಜಿಯ ‘ಕೋಂ’ ಫಿಕಾರ್ ಆದರೆ ಅಜ್ಜಿ ಜೊತೆ ಇತ್ತು ಅಂತಷ್ಟೇ. ಸಂದರ್ಭ ನೋಡಿ.

ನಿಘಂಟಿನ ‘ಉಳಿ’ಗೂ ದೊಡ್ಡ ಮರ್ಯಾದೆ ಇದೆ. ಬ್ರೆಜಿಲ್ ಇನ್ನೂ ಪೋರ್ಚುಗಲ್‌ನ ಅಧೀನದಲ್ಲಿದ್ದಾಗ, ಅಲ್ಲಿದ್ದ ಪೋರ್ಚುಗಲ್‌ನ ರಾಜಕುಮಾರ ದೊಂ ಪೆದ್ರುವನ್ನು ಲಿಸ್ಬನ್ನಿನ ಸಂಸತ್ತು ವಾಪಸ್ ಕರೆದಾಗ, ಆತ ರಿಯೊ ಡಿ ಜನೈರೊದಲ್ಲೇ ನಿಂತ. 1822ರ ಜನವರಿ 9ರಂದು ‘ನಾನು ಉಳಿಯುತ್ತೇನೆ ಅಂತ ಜನರಿಗೆ ಹೇಳಿ’ ಅಂದ. ಆ ದಿನದ ಹೆಸರೇ ‘ಜೀಯ ದು ಫೀಕು’, ಅಂದರೆ ‘ಉಳಿಯುತ್ತೇನೆ’ ಅಂದ ದಿನ. ಅದೇ ವರ್ಷ ಸೆಪ್ಟೆಂಬರ್ 7ರಂದು ಬ್ರೆಜಿಲ್ ಸ್ವತಂತ್ರವಾಯಿತು.

ಬರೆಯುವಾಗ ಒಂದು ಗಮನಿಸಿ. ‘ಫಿಕೇ’ಯಲ್ಲಿ ‘ಸಿ’ ಅಕ್ಷರ ಹೋಗಿ ‘ಕ್ಯೂ’, ‘ಯು’ ಬರುತ್ತವೆ. ‘ಸಿ’ ಉಳಿಸಿದರೆ ಮುಂದಿನ ‘ಇ’ ಸೇರಿ ‘ಫಿಸೇ’ ಅಂತ ಓದಬೇಕಾಗುತ್ತದೆ.