ಮಗನಿಗೆ ಡಿಎಲ್‌ಡಿ ಅಂದಿದ್ದಾರೆ. ಶಾಲೆಯಲ್ಲಿ ಏನಂತ ಹೇಳಲಿ?

ಮಗ ಮೂರನೇ ಕ್ಲಾಸ್. ಕಿವಿ ಪರೀಕ್ಷೆ ಆಗಿದೆ, ಚೆನ್ನಾಗಿ ಕೇಳಿಸುತ್ತದೆ. ಆಟದಲ್ಲಿ ಚುರುಕು. ಆದರೆ ಹೇಳಿದ್ದು ಅರ್ಥವಾಗುವುದಿಲ್ಲ, ಮಾತಾಡಲು ಹೋದರೆ ಪದ ಸಿಗುವುದಿಲ್ಲ. ಡಿಎಲ್‌ಡಿ, ಅಂದರೆ ಬೆಳವಣಿಗೆಯಲ್ಲೇ ಬರುವ ಭಾಷಾ ತೊಂದರೆ ಅಂತ ಸ್ಪೀಚ್ ಥೆರಪಿಸ್ಟ್ ಹೇಳಿದ್ದಾರೆ. ಟೀಚರ್ ಮಾತ್ರ ಗಮನವೇ ಕೊಡಲ್ಲ ಅನ್ನುತ್ತಾರೆ. ಅನುಭವ ಇದ್ದವರು ತಿಳಿಸಿ.

*

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಕ್ಲಾಸಿನಲ್ಲಿ ಇಂಥ ಹುಡುಗಿ ಇದ್ದಳು. ಮೂರು ತಿಂಗಳು ಅವಳನ್ನು ಹಟಮಾರಿ ಅಂದುಕೊಂಡಿದ್ದೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಂದು ದಿನ "ಪುಸ್ತಕ ತೆಗೆದು, 24ನೇ ಪುಟ ತೆರೆದು, ಮೂರನೇ ಪ್ರಶ್ನೆಗೆ ಉತ್ತರ ಬರೆದು ತೋರಿಸಿ" ಅಂದೆ. ಅವಳು ಖಾಲಿ ನೋಟ್‌ಬುಕ್ ತಂದು ತೋರಿಸಿದಳು. "ತೋರಿಸಿ" ಅನ್ನುವುದೊಂದೇ ಅವಳಿಗೆ ಸಿಕ್ಕಿತ್ತು! ತೆಗೆದು, ತೆರೆದು, ಬರೆದು ಅಂತ ನಾವು ನಾಲ್ಕು ಕೆಲಸ ಒಂದೇ ವಾಕ್ಯಕ್ಕೆ ಪೋಣಿಸಿಬಿಡುತ್ತೇವೆ, ಅಲ್ವಾ? ಅವತ್ತಿನಿಂದ ಬಿಡಿಸಿ ಹೇಳತೊಡಗಿದೆ. "ಪುಸ್ತಕ ತೆಗಿ." ತೆಗೆಯುವವರೆಗೆ ಕಾಯುವುದು. ಆಮೇಲೆ ಮುಂದಿನದು. ಕ್ಲಾಸಿನಲ್ಲಿ ಇನ್ನೂ ಕೆಲವರಿಗೆ ಇದು ಅನುಕೂಲವಾಯಿತು.

ಲೆಕ್ಕದಲ್ಲೂ ಹೀಗೇ. ಕೂಡುವುದು, ಕಳೆಯುವುದು ಸಲೀಸು. "ರವಿಯಿಂದ ಸೀತಾ 5 ಗೋಲಿ ತೆಗೆದುಕೊಂಡಳು" ಅಂದರೆ ತಪ್ಪು. ಇಂದ, ಗೆ, ಗಿಂತ ಇವುಗಳಲ್ಲೇ ಎಡವುತ್ತಿದ್ದಳು. ಇಬ್ಬರು ಮಕ್ಕಳನ್ನು ನಿಲ್ಲಿಸಿ ಗೋಲಿ ಕೊಟ್ಟು ಆಡಿಸಿದ ಮೇಲೆ ಹಿಡಿತ ಬಂತು.

ಟೀಚರ್‌ಗೆ ಇನ್ನೊಂದು ಹೇಳಿ. "ಅರ್ಥ ಆಯ್ತಾ?" ಅಂದರೆ ಈ ಮಕ್ಕಳು ಸುಮ್ನೆ ಹೂಂ ಅಂದುಬಿಡುತ್ತಾರೆ. "ಈಗ ಏನು ಮಾಡ್ತೀಯ, ಹೇಳು" ಅಂತ ಕೇಳಬೇಕು. ಕೇಳಿ ಹತ್ತು ಸೆಕೆಂಡ್ ಸುಮ್ಮನಿರಬೇಕು.

*

ನನ್ನ ಮಗಳು ಈಗ ಎಂಟನೇ ಕ್ಲಾಸ್. ನಮ್ಮ ಮನೆಮಾತು ತುಳು. ಶಾಲೆಯವರು ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂದರು, ನಾವು ತುಳು ಬಿಟ್ಟೆವು. ಅವಳು ಅಜ್ಜಿಯ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದಳು. ದಯವಿಟ್ಟು ಈ ತಪ್ಪು ಮಾಡಬೇಡಿ ಅಕ್ಕಾ. ಎರಡು ಭಾಷೆ ಕಲಿಯುವುದರಿಂದ ಡಿಎಲ್‌ಡಿ ಬರುವುದಿಲ್ಲ.

ನಮಗೆ ಜಾಸ್ತಿ ಸಹಾಯ ಆಗಿದ್ದು ಒಂದೇ. ಪಾಠಕ್ಕೆ ಮೊದಲೇ ನಾಲ್ಕೈದು ಹೊಸ ಪದ ಬರೆದು ಕಳಿಸಿ ಅಂತ ಸೈನ್ಸ್ ಮಿಸ್‌ನ ಕೇಳಿಕೊಂಡೆ. "ಎವಾಪರೇಶನ್" ಬಂದ ವಾರ ಒದ್ದೆ ಬಟ್ಟೆ ಹರವಿ, ಒಣಗುವವರೆಗೆ ತುಳುವಿನಲ್ಲೇ ಮಾತಾಡಿದೆವು. ಅವತ್ತು ಕ್ಲಾಸಿನಲ್ಲಿ ಮೊದಲ ಸಲ ಕೈ ಎತ್ತಿದಳಂತೆ.

*

ಕಾಗದಪತ್ರದ ಬಗ್ಗೆ ನನ್ನದೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಎಲ್‌ಡಿ ಅನ್ನುವ ಹೆಸರು ಸಿಗುವುದಿಲ್ಲ. ತಜ್ಞರು ಆ ಹೆಸರು ಒಪ್ಪಿದ್ದೇ 2017ರಲ್ಲಿ. ಆದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ ಪಟ್ಟಿಯಲ್ಲಿ "ಡೆವಲಪ್‌ಮೆಂಟಲ್ ಅಫೇಸಿಯಾ" ಇದೆ, ಇಂಥ ಭಾಷಾ ತೊಂದರೆಗೆ ಇದ್ದ ಹಳೆಯ ಹೆಸರು ಅದು. ಪ್ರಮಾಣಪತ್ರದ ವಿಷಯ ಬಂದಾಗ ಅದನ್ನು ತೋರಿಸಿ ಕೇಳಿ. ಎಸ್ಸೆಸ್ಸೆಲ್ಸಿವರೆಗೆ ಕಾಯಬೇಡಿ. ಸರ್ಕಾರಿ ಶಾಲೆಯಾದರೆ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು ಕಾಣಿ. ಪೂರ್ತಿ ತಪಾಸಣೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಮಗನ ಶಾಲೆಯ ನೋಟ್‌ಬುಕ್‌ಗಳನ್ನೂ ಒಯ್ಯಿರಿ.