ಕೋರ್ 2 ಡ್ಯುಯೊ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಹೋದರೆ ಲೋಗೋ ಬಂದು ರೀಸ್ಟಾರ್ಟ್ ಆಗುತ್ತಿದೆ

ಮಂಡಿ ಹುಡುಗ, ತಿಪಟೂರು:

ನಮ್ಮದು ಕೊಬ್ಬರಿ ಮಂಡಿ. ರೈತರ ಪಟ್ಟಿ, ತೂಕದ ಲೆಕ್ಕ, ಚೀಟಿ ಎಲ್ಲ ಒಂದೇ ಹಳೇ ಕಂಪ್ಯೂಟರಿನಲ್ಲಿದೆ. ಇಂಟೆಲ್ ಜಿ31 ಬೋರ್ಡು, ಕೋರ್ 2 ಡ್ಯುಯೊ ಇ7500, 1 ಜಿಬಿಯ ಎರಡು ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಈಗಿರುವುದು ವಿಂಡೋಸ್ 7. ಬ್ರೌಸರ್ ಅಪ್‌ಡೇಟ್ ಆಗುವುದಿಲ್ಲ, ಬ್ಯಾಂಕಿನ ಪೇಜ್ ತೆರೆಯುವುದಿಲ್ಲ.

ಬೂಟ್ ಪೆನ್‌ಡ್ರೈವ್ ಮಾಡುವ ರೂಫಸ್ ಸಾಫ್ಟ್‌ವೇರಿನಲ್ಲಿ, ವಿಂಡೋಸ್ 11 ಕೇಳುವ ಟಿಪಿಎಂ, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳ ಚೆಕ್ ತೆಗೆಯುವ ಆಯ್ಕೆಗೆ ಟಿಕ್ ಹಾಕಿ ವಿಂಡೋಸ್ 11ರ ಪೆನ್‌ಡ್ರೈವ್ ಮಾಡಿದೆ. ಬೂಟ್ ಆಗುತ್ತದೆ, ಲೋಗೋ ಬರುತ್ತದೆ, ತಕ್ಷಣ ರೀಸ್ಟಾರ್ಟ್. ಮತ್ತೆ ಲೋಗೋ, ಮತ್ತೆ ರೀಸ್ಟಾರ್ಟ್. ಎರರ್ ಅಂತ ಏನೂ ತೋರಿಸುವುದಿಲ್ಲ. ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ. ಅಪ್ಪ ಒಪ್ಪುವುದಿಲ್ಲ, ನನಗೂ ಇದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ.

ಬೋರ್ಡು ರಿಪೇರಿ, ಕೋಲಾರ:

ಡೌನ್‌ಲೋಡ್ ಮಾಡಿದ ವಿಂಡೋಸ್ 11ರ ಐಎಸ್‌ಒ ಫೈಲಿನ ಹೆಸರಿನಲ್ಲಿ ಆವೃತ್ತಿ 24ಎಚ್2 ಅಂತ ಇದೆಯಾ ತಮ್ಮಾ? ಇದ್ದರೆ ಕಾರಣ ಅದೇ. ಪೆನ್‌ಡ್ರೈವ್ ಮತ್ತೆ ಮತ್ತೆ ಮಾಡಿ ಪ್ರಯೋಜನ ಇಲ್ಲ.

ಟಿಪಿಎಂ, ಸೆಕ್ಯೂರ್ ಬೂಟ್ ಎಲ್ಲ ಸೆಟಪ್ ಮಾಡುವ ತಪಾಸಣೆ. ಅದನ್ನು ರೂಫಸ್ ತಪ್ಪಿಸುತ್ತದೆ. ಆದರೆ 24ಎಚ್2ರಿಂದ ವಿಂಡೋಸ್‌ನ ಒಳಗಿನ ಕೋಡೇ ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಆದೇಶವನ್ನು ಬಳಸುತ್ತದೆ. ಒಂದು ಸಂಖ್ಯೆಯ ಬಿಟ್‌ಗಳಲ್ಲಿ ಎಷ್ಟು ‘1’ ಇವೆ ಅಂತ ಎಣಿಸುವ ಆದೇಶ ಅದು. ಇಂಟೆಲ್‌ನಲ್ಲಿ ಇದು ಬಂದದ್ದು 2008ರ ನೆಹಲೆಮ್ ವಿನ್ಯಾಸದ ಜೊತೆ, ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಕೂಡ ಆಗಲೇ ಬಂತು. ನಿಮ್ಮ ಇ7500 ಮಾರ್ಕೆಟ್ಟಿಗೆ ಬಂದದ್ದು 2009ರಲ್ಲಾದರೂ ಅದರ ಹಿಂದಿನ ವಿನ್ಯಾಸದ್ದು. ಎಸ್‌ಎಸ್‌ಇ 4.1ಕ್ಕೇ ನಿಲ್ಲುತ್ತದೆ. ಗೇಟಿನ ಕಾವಲುಗಾರನ ಕಣ್ಣು ತಪ್ಪಿಸಿ ಒಳಗೆ ಹೋಗಬಹುದು, ಒಳಗೆ ಕೊಡುವ ಕೆಲಸ ಬರದಿದ್ದರೆ ಏನು ಮಾಡೋದು? ರಿಜಿಸ್ಟ್ರಿ ಬದಲಾಯಿಸಿದರೂ ಇಲ್ಲದ ಆದೇಶ ಸಿಲಿಕಾನಿನಲ್ಲಿ ಹುಟ್ಟುವುದಿಲ್ಲ.

ಅದಕ್ಕಿಂತ ಹಿಂದಿನ ಆವೃತ್ತಿ 23ಎಚ್2 ಹಾಕಿದರೆ ಏಳಬಹುದು. ಆದರೆ ಹೋಮ್, ಪ್ರೊ ಎರಡಕ್ಕೂ ಅದರ ಅಪ್‌ಡೇಟ್ 2025ರ ನವೆಂಬರ್ 11ಕ್ಕೆ ನಿಂತಿತು. ವಿಂಡೋಸ್ 10ಕ್ಕೂ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಂಕಿನ ಕೆಲಸ ಮಾಡುವ ಮಷಿನ್ ಅಂದಮೇಲೆ ಇವೆರಡನ್ನೂ ನಾನು ಹಾಕಿಕೊಡುವುದಿಲ್ಲ.

ವಿಂಡೋಸ್ ಬದಲು ಡೆಬಿಯನ್ 13 ಎಂಬ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಇರಲಿ. ಅದರ 64 ಬಿಟ್ ಆವೃತ್ತಿ ಮೊದಮೊದಲ 64 ಬಿಟ್ ಪ್ರೊಸೆಸರಿನಲ್ಲೂ ಓಡುತ್ತದೆ, ಪಾಪ್‌ಕೌಂಟ್ ಕೇಳುವುದಿಲ್ಲ. ಡೌನ್‌ಲೋಡ್ ಪುಟದಲ್ಲಿ ಎಎಂಡಿ64 ಅಂತ ಇರುತ್ತದೆ, ನಿಮ್ಮ ಇಂಟೆಲ್‌ಗೂ ಅದೇ. ಹಳೇ ಮಷಿನ್ ಅಂತ 32 ಬಿಟ್ ಹುಡುಕಬೇಡಿ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ.

ಪೆನ್‌ಡ್ರೈವ್ ಬರೆಯುವಾಗ ರೂಫಸ್ ಕೇಳಿದರೆ ಡಿಡಿ ಮೋಡ್ ಆರಿಸಿ. ಇಂಟೆಲ್ ಬೋರ್ಡಿನಲ್ಲಿ ಆನ್ ಮಾಡಿದ ಕೂಡಲೇ ಎಫ್10 ಒತ್ತಿದರೆ ಬೂಟ್ ಮೆನು ಬರುತ್ತದೆ. ಅಲ್ಲಿ ಕಾಣದಿದ್ದರೆ ಎಫ್2 ಒತ್ತಿ ಬಯಾಸ್‌ನ (ಬೋರ್ಡಿನ ಸೆಟ್ಟಿಂಗ್ ಪರದೆ) ಹಾರ್ಡ್ ಡಿಸ್ಕ್ ಪಟ್ಟಿ ನೋಡಿ. ಆ ಕಾಲದ ಬಯಾಸ್ ಎಷ್ಟೋ ಸಲ ಪೆನ್‌ಡ್ರೈವನ್ನೂ ಹಾರ್ಡ್ ಡಿಸ್ಕ್ ಅಂತಲೇ ಎಣಿಸುತ್ತದೆ.

ನುಡಿ ಟೈಪಿಂಗ್, ಗೌರಿಬಿದನೂರು:

ಸ್ವಲ್ಪ ತಡೆಯಿರಿ. ರೈತರ ಪಟ್ಟಿ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ ಟೈಪ್ ಮಾಡಿದ್ದಾ? ಹಾಗಿದ್ದರೆ ವಿಂಡೋಸ್ 7ರ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಫೈಲುಗಳ ಜೊತೆ ಕಾಪಿ ಮಾಡಿಕೊಳ್ಳಿ. ಹಳೇ ನುಡಿ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೆ. ಫಾಂಟ್ ಇಲ್ಲದೆ ತೆರೆದರೆ ಗೀಚಿದ ಹಾಗೆ ಕಾಣುತ್ತದೆ. ಫೈಲ್ ಕೆಟ್ಟಿತು ಅಂತ ಅಳಿಸಿಬಿಟ್ಟವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಬೋರ್ಡು ರಿಪೇರಿ, ಕೋಲಾರ:

ಅಕ್ಕ ಹೇಳಿದ್ದು ಸರಿ. ಇನ್ನೂ ಒಂದು ಮಾಡಿ. ಹಳೇ ಹಾರ್ಡ್ ಡಿಸ್ಕಿನ ಮೇಲೆ ಏನೂ ಹಾಕಲೇಬೇಡಿ. ಕೇಬಲ್ ಬಿಚ್ಚಿ, ಡಿಸ್ಕನ್ನು ಬೀರುವಿನಲ್ಲಿಡಿ. ಒಂದು ಚಿಕ್ಕ ಸಾಟಾ ಎಸ್‌ಎಸ್‌ಡಿ ತಂದು ಅದರ ಮೇಲೆ ಹಾಕಿ. ಈ ಮಷಿನಿಗೆ ಹಾಕುವ ದುಡ್ಡಿನಲ್ಲಿ ಅತಿ ಜಾಸ್ತಿ ಗುಣ ಕಾಣುವುದು ಎಸ್‌ಎಸ್‌ಡಿಯಲ್ಲೇ.

ಮಂಡಿ ಹುಡುಗ, ತಿಪಟೂರು:

ಹೌದಣ್ಣ, 24ಎಚ್2 ಫೈಲೇ. ಎಸ್‌ಎಸ್‌ಡಿ ತಂದು ಡೆಬಿಯನ್ ಶುರು ಮಾಡಿದೆ. ಬೂಟ್ ಸಲೀಸಾಗಿ ಆಯಿತು. ಆದರೆ ಇನ್‌ಸ್ಟಾಲ್ ನಡುವೆ ನಿಂತುಬಿಡುತ್ತದೆ. ಒಮ್ಮೆ ಪಾರ್ಟಿಷನ್ ಮಾಡುವಾಗ, ಇನ್ನೊಮ್ಮೆ ಫೈಲ್ ಕಾಪಿ ಆಗುವಾಗ. ಮೌಸ್ ಕೂಡ ಅಲ್ಲಾಡುವುದಿಲ್ಲ. ಡೆಬಿಯನ್ನೂ ಆಗಲ್ವಾ ಹಾಗಾದರೆ?

ಬೋರ್ಡು ರಿಪೇರಿ, ಕೋಲಾರ:

ಆಗುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಐಎಸ್‌ಒ ಅಥವಾ ಪೆನ್‌ಡ್ರೈವ್ ಮೇಲೆ ಅನುಮಾನ ಪಡಬೇಕು. ಬೇರೆ ಬೇರೆ ಕಡೆ ನಿಂತರೆ ಮೊದಲು ರ‍್ಯಾಮ್, ಬಿಸಿ, ಕರೆಂಟು ನೋಡಬೇಕು.

ಪ್ಲಗ್ ಕಿತ್ತು ಕ್ಯಾಬಿನೆಟ್ ತೆಗೆಯಿರಿ. ಕೊಬ್ಬರಿ ಮಂಡಿ ಅಂದಿರಿ, ಪ್ರೊಸೆಸರ್ ಫ್ಯಾನಿನ ಕೆಳಗೆ ನೋಡಿ. ಎಣ್ಣೆ ಜಿಡ್ಡು, ನಾರು, ಧೂಳು ಸೇರಿ ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿ ಹಾಗೆ ಕೂತಿರುತ್ತದೆ. ಗಾಳಿ ಹೊಡೆದರೆ ಅದು ಬರುವುದಿಲ್ಲ. ಹೀಟ್‌ಸಿಂಕ್ ಬಿಚ್ಚಿ ಬ್ರಷ್‌ನಲ್ಲಿ ತೆಗೆಯಿರಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಪ್ರೊಸೆಸರ್ ಸುತ್ತ ನಿಂತ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಅವನ್ನು ಬದಲಾಯಿಸದೆ ಮುಂದೆ ಹೋಗಬೇಡಿ.

ಆಮೇಲೆ ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಉಜ್ಜಿ. ಒಂದೇ ಒಂದು ರ‍್ಯಾಮ್ ಹಾಕಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಸಾಫ್ಟ್‌ವೇರ್ ಓಡಿಸಿ, ಪೂರ್ತಿ ಮುಗಿಯಲಿ. ಆಮೇಲೆ ಇನ್ನೊಂದು. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ಬೇಡ.

ಮಂಡಿ ಹುಡುಗ, ತಿಪಟೂರು:

ಕೆಪಾಸಿಟರ್ ಎಲ್ಲ ಚೆನ್ನಾಗಿವೆ. ಹೀಟ್‌ಸಿಂಕ್ ನೀವು ಹೇಳಿದ ಹಾಗೇ ಇತ್ತು, ತೆಗೆದೆ. ಒಂದು ರ‍್ಯಾಮ್ ಪಾಸ್, ಇನ್ನೊಂದರಲ್ಲಿ ಕೆಂಪು ಸಾಲುಗಳು. ಒಳ್ಳೆಯದೊಂದರಲ್ಲೇ ಇನ್‌ಸ್ಟಾಲ್ ಪೂರ್ತಿ ಆಯಿತು. ಆನ್‌ಲೈನಿನಲ್ಲಿ 4 ಜಿಬಿಯ ಡಿಡಿಆರ್2 ರ‍್ಯಾಮ್ ಕಡಿಮೆಗೆ ಸಿಗುತ್ತಿದೆ, ತಗೊಳ್ಳಲಾ? ಇನ್ನೊಂದು, ಬ್ರೌಸರ್ ಎಲ್ಲ ಸೈಟಿಗೂ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತಿದೆ.

ಬೋರ್ಡು ರಿಪೇರಿ, ಕೋಲಾರ:

ಬೇಡವೇ ಬೇಡ. ಆ ಅಗ್ಗದ 4 ಜಿಬಿ ರ‍್ಯಾಮ್ ಎಎಂಡಿ ಬೋರ್ಡಿಗೆ ಮಾತ್ರ, ಇಂಟೆಲ್‌ನಲ್ಲಿ ಓಡುವುದಿಲ್ಲ. ಜಿ31ಕ್ಕೆ ಒಟ್ಟು 4 ಜಿಬಿಯೇ ಮಿತಿ. 2 ಜಿಬಿಯ ಎರಡು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಅಂಗಡಿಯಲ್ಲೇ ಮೆಮ್‌ಟೆಸ್ಟ್ ಮಾಡಿಸಿ.

ಸರ್ಟಿಫಿಕೇಟ್ ತೊಂದರೆಗೆ ಮೊದಲು ತಾರೀಖು ನೋಡಿ. ಬೋರ್ಡಿನ ಸೆಲ್ ಸತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ಸಿಆರ್2032 ಸೆಲ್ ಹಾಕಿ, ಬಯಾಸ್‌ನಲ್ಲಿ ತಾರೀಖು ಸರಿ ಮಾಡಿ. ತಾರೀಖು ತಪ್ಪಿದ್ದರೆ ಡೆಬಿಯನ್ ಅಪ್‌ಡೇಟ್ ಕೂಡ ಮುನಿಸಿಕೊಳ್ಳುತ್ತದೆ.

ಮಂಡಿ ಹುಡುಗ, ತಿಪಟೂರು:

ಸೆಲ್ಲೇ ಹೋಗಿತ್ತು ಅಣ್ಣ, ಬ್ಯಾಂಕಿನ ಪೇಜ್ ತೆರೆಯಿತು. ಅಕ್ಕಾ, ನುಡಿ ಫಾಂಟ್ ಎಲ್ಲಿ ಹಾಕಬೇಕು? ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿ ಬರುತ್ತದಾ?

ನುಡಿ ಟೈಪಿಂಗ್, ಗೌರಿಬಿದನೂರು:

ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಫಾಂಟ್ಸ್ (.fonts) ಅಂತ ಫೋಲ್ಡರ್ ಮಾಡಿ, ಫಾಂಟುಗಳನ್ನು ಅದರೊಳಗೆ ಹಾಕಿ. ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಹಳೇ ಪಟ್ಟಿ ಕನ್ನಡದಲ್ಲಿ ಕಾಣುತ್ತದೆ. ಆದರೆ ಹೊಸ ಪಟ್ಟಿಯನ್ನು ಯೂನಿಕೋಡ್‌ನಲ್ಲೇ ಮಾಡಿ, ಆಗ ರೈತರ ಹೆಸರು ಹುಡುಕಬಹುದು, ವಾಟ್ಸಾಪಿನಲ್ಲಿ ಕಳಿಸಬಹುದು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ವಿನ್ಯಾಸ ಸೇರಿಸಿ, ನುಡಿಯಲ್ಲಿ ಕೂತ ಕೈಗೆ ಕಷ್ಟ ಆಗುವುದಿಲ್ಲ.

ಬೋರ್ಡು ರಿಪೇರಿ, ಕೋಲಾರ:

ಪ್ರಿಂಟರ್ 9 ಪಿನ್‌ನದಾ, 24 ಪಿನ್‌ನದಾ ನೋಡಿ. ಬಯಾಸ್‌ನಲ್ಲಿ ಪ್ಯಾರಲಲ್ ಪೋರ್ಟ್ ಆನ್ ಇರಬೇಕು. ಪ್ರಿಂಟರ್ ಸೇರಿಸುವಾಗ ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಎಪ್ಸನ್ 9 ಪಿನ್ ಅಥವಾ 24 ಪಿನ್ ಸೀರೀಸ್ ಆರಿಸಿ, ಬಹಳಷ್ಟು ಡಾಟ್ ಮ್ಯಾಟ್ರಿಕ್ಸ್‌ಗಳು ಎಪ್ಸನ್ ಭಾಷೆಗೇ ಒಗ್ಗಿಕೊಂಡಿವೆ. ಕನ್ನಡ ಚಿತ್ರದ ರೂಪದಲ್ಲಿ ಹೋಗುವುದರಿಂದ ನಿಧಾನ. ಹರಾಜಿನ ದಿನ ಜನ ಕಾಯುತ್ತಾರಲ್ಲ, ಅದಕ್ಕೆ ರೆಸಲ್ಯೂಷನ್ ಅತಿ ಕಡಿಮೆಗೆ ಇಟ್ಟು ಮೊದಲು ಒಂದು ಚೀಟಿ ತೆಗೆದು ನೋಡಿ. ಒತ್ತಕ್ಷರ ಓದಲು ಆಗದಿದ್ದರೆ ಮಾತ್ರ ಒಂದು ಹಂತ ಏರಿಸಿ.