ಟ್ಯೂಬಿಂಗನ್‌ಗೆ ಬಂದು ಒಂಬತ್ತು ದಿನ. ಬಾಗಿಲಿಗೆ ಯಾರೋ ಹಲಗೆ ನೇತುಹಾಕಿದ್ದಾರೆ, ಏನಿದು?

ಕಲ್ಪತರು_ಹುಡುಗಿ (ಸೋಮವಾರ, ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವಳು. ಬಯೋಕೆಮಿಸ್ಟ್ರಿ ಓದೋಕೆ ಅಂತ ಜರ್ಮನಿಯ ಟ್ಯೂಬಿಂಗನ್‌ಗೆ ಬಂದು ಇವತ್ತಿಗೆ ಒಂಬತ್ತು ದಿನ. ಪ್ರಶ್ನೆ ಚಿಕ್ಕದು, ಆದರೆ ಹಿಂದಿನದು ಹೇಳದೆ ಅರ್ಥ ಆಗಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಹಾಸ್ಟೆಲ್ ಸಿಗಲಿಲ್ಲ. ಹಳೇ ಊರಿನ ಗಲ್ಲಿಯೊಂದರಲ್ಲಿ ಮೂರನೇ ಮಹಡಿ ರೂಮು. ಮರದ ಮೆಟ್ಟಿಲು, ಎಷ್ಟೇ ಮೆಲ್ಲಗೆ ಹತ್ತಿದರೂ ಕಿರ್ ಅನ್ನುತ್ತೆ. ಫ್ಲ್ಯಾಟಿನಲ್ಲಿ ಇನ್ನಿಬ್ಬರಿದ್ದಾರಂತೆ, ಕ್ಲಾಸು ಶುರುವಾಗೋವರೆಗೆ ಬರಲ್ಲ. ಎದುರು ಬಾಗಿಲಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ನಾನು ನಕ್ಕರೆ ತಲೆ ಆಡಿಸ್ತಾರೆ, ಅಷ್ಟೇ.

ಬಂದಿಳಿದಿದ್ದು ಶನಿವಾರ ರಾತ್ರಿ. ಬೆಳಿಗ್ಗೆ ಎದ್ದು ಹಾಲು ತರೋಣ ಅಂತ ಹೊರಟರೆ ಊರಿಗೆ ಊರೇ ಬಂದ್. ಯಾರೋ ದೊಡ್ಡವರು ಹೋಗಿಬಿಟ್ಟಿರಬೇಕು ಅಂದುಕೊಂಡೆ, ಸತ್ಯವಾಗಿ. ಭಾನುವಾರ ಅಂಗಡಿ ತೆಗೆಯಲ್ಲ ಅನ್ನೋದನ್ನ ಓದಿದ್ದೆ. ಓದಿದ್ದಕ್ಕೂ ಹಸಿದ ಹೊಟ್ಟೆಯಲ್ಲಿ ನೋಡಿದ್ದಕ್ಕೂ ವ್ಯತ್ಯಾಸ ಇದೆ. ಅಮ್ಮ ಸೂಟ್‌ಕೇಸಿನ ಮೂಲೆಗೆ ತುರುಕಿದ್ದ ಅವಲಕ್ಕಿ, ಚಟ್ನಿಪುಡಿ ಆ ದಿನ ಕಾಪಾಡಿತು.

ತಿಂದು ನಡೆಯೋಕೆ ಹೊರಟೆ. ನೆಕರ್ ನದಿ ಸೇತುವೆ ಮೇಲೆ ನಿಂತರೆ ದಡದುದ್ದಕ್ಕೂ ಹಳದಿ, ಗುಲಾಬಿ ಬಣ್ಣದ ಕಿರಿದಾದ ಮನೆಗಳು, ಒಂದಕ್ಕೊಂದು ಭುಜ ಕೊಟ್ಟು ನಿಂತ ಹಾಗೆ. ನೀರಲ್ಲಿ ಉದ್ದನೆ ದೋಣಿ, ಒಬ್ಬ ಹಿಂದೆ ನಿಂತು ಗಳ ಊರಿ ತಳ್ಳುತ್ತಾನೆ. ಅಲ್ಲಿಂದ ಗುಡ್ಡ ಹತ್ತಿ ಕೋಟೆಗೆ ಹೋದೆ. ನಾನು ಈ ಊರನ್ನೇ ಆರಿಸಿಕೊಂಡಿದ್ದಕ್ಕೆ ಅರ್ಧ ಕಾರಣ ಆ ಕೋಟೆಯ ಅಡುಗೆಮನೆ. ಅದನ್ನ ಲ್ಯಾಬ್ ಮಾಡಿಕೊಂಡಿದ್ದ ಕಾಲದಲ್ಲಿ, 1869ರಲ್ಲಿ, ಫ್ರೀಡ್ರಿಷ್ ಮೀಷರ್ ಅನ್ನೋ ಹುಡುಗ ಆಸ್ಪತ್ರೆಯಿಂದ ತಂದ ಕೀವು ಹತ್ತಿದ ಬ್ಯಾಂಡೇಜು ತೊಳೆದು, ಆ ಕೀವಿನ ಕಣಗಳಿಂದ ಒಂದು ವಸ್ತು ಬೇರ್ಪಡಿಸಿ 'ನ್ಯೂಕ್ಲೀನ್' ಅಂತ ಹೆಸರಿಟ್ಟ. ಇವತ್ತು ನಾವು ಡಿಎನ್‌ಎ ಅನ್ನೋದು ಅದನ್ನೇ. ಕಮಾನು ಚಾವಣಿಯ ತಣ್ಣನೆ ಕೋಣೆ. ನಮ್ಮಜ್ಜಿ ಮನೆ ಕೊಬ್ಬರಿ ಅಟ್ಟ ಇದಕ್ಕಿಂತ ದೊಡ್ಡದು. ಅರ್ಧ ಗಂಟೆ ನಿಂತಿದ್ದೆ.

ಮರುದಿನ ಕಾಫಿ ಕೊಂಡೆ. ಬಿಲ್ಲಿನಲ್ಲಿ 50 ಸೆಂಟ್ ಜಾಸ್ತಿ. ಜಗಳಕ್ಕೆ ನಿಲ್ಲೋಣ ಅಂದರೆ ಭಾಷೆ ಬೇಕಲ್ಲ. ಆಮೇಲೆ ಗೊತ್ತಾಯಿತು, 2022ರಿಂದ ಈ ಊರಲ್ಲಿ ಒಂದು ಸಲ ಬಳಸಿ ಬಿಸಾಡುವ ಲೋಟಕ್ಕೆ ತೆರಿಗೆ. ಈಗ ಅಮ್ಮ ಕೊಟ್ಟ ಸ್ಟೀಲ್ ಲೋಟ ಬ್ಯಾಗಲ್ಲಿ ಇಟ್ಟುಕೊಂಡೇ ತಿರುಗೋದು.

ಈಗ ಪ್ರಶ್ನೆ. ನಿನ್ನೆ ಮಧ್ಯಾಹ್ನ ಮೊದಲ ಸಲ ಸರಿಯಾಗಿ ಅಡುಗೆ ಮಾಡಿದೆ. ಸಾರಿಗೆ ಒಗ್ಗರಣೆ, ಇಂಗು ಸ್ವಲ್ಪ ಕೈ ಜಾರಿ ಬಿತ್ತು. ಇವತ್ತು ಸಂಜೆ ಬಂದು ನೋಡಿದರೆ ನನ್ನ ಬಾಗಿಲ ಹಿಡಿಗೆ ಅಂಗೈ ಅಗಲದ ಮರದ ಹಲಗೆ ನೇತಾಡುತ್ತಿದೆ. ಕೆಂಪು ದಾರ, ಪೊರಕೆ ಚಿತ್ರ, ಕೆಳಗೆ 'ಕೇರ್‌ವೋಖ' ಅಂತ ಬರಹ. ಫೋನಲ್ಲಿ ಅರ್ಥ ನೋಡಿದರೆ 'ಗುಡಿಸುವ ವಾರ' ಅಂತ ಬಂತು. ಅಂದರೆ ನನ್ನ ಮನೆ ಗಲೀಜು ಅಂತಾನಾ? ಇಂಗಿನ ವಾಸನೆಗೆ ಅಜ್ಜಿ ಕೊಟ್ಟ ಉತ್ತರಾನಾ? ಎದುರು ಬಾಗಿಲು ತಟ್ಟಿ ಕ್ಷಮೆ ಕೇಳಲಾ, ಸುಮ್ಮನಿರಲಾ? ಒಂಬತ್ತು ದಿನದಲ್ಲಿ ಈ ಊರಲ್ಲಿ ನನಗೆ ಯಾರಾದರೂ ತಾವಾಗಿ ಏನಾದರೂ ಹೇಳಿದ್ದು ಅಂದರೆ ಇದೊಂದೇ. ಅದೂ ಬೈಗುಳ ಆದರೆ ಬೇಜಾರಾಗುತ್ತೆ.

ಹುಬ್ಬಳ್ಳಿಯಾಂವ

ಅಂಜಬ್ಯಾಡವಾ ತಂಗಿ. ಅದು ಬೈಗಳಾನೂ ಅಲ್ಲ, ಕಂಪ್ಲೇಂಟೂ ಅಲ್ಲ. ಪಾಳಿ! ನಿನ್ನ ಪಾಳಿ ಬಂದೈತಿ, ಅಷ್ಟ. ನಮ್ಮ ಕಡೆ ನಳದ ನೀರಿಗೆ ಪಾಳಿ ಹಚ್ಚತಾರಲ್ಲ, ಹಂಗ ಇಲ್ಲಿ ಕಸಾ ಹೊಡ್ಯಾಕ ಪಾಳಿ. ಇದು ಇಡೀ ಜರ್ಮನಿದಲ್ಲ, ಈ ಶ್ವಾಬಿಯಾ ಸೀಮಿ ಮಂದೀದು. ಒಂದು ವಾರ ಅಜ್ಜಿ, ಒಂದು ವಾರ ನಿಮ್ಮ ಮನಿ. ಹಲಗಿ ಯಾರ ಬಾಗಲಕ್ಕ ಐತಿ, ಅವರು ಮೆಟ್ಟಲಾ ಒರಸಬೇಕು. ವಾರದ ಕಡೀಗೆ ಹಲಗೀನ ಅಜ್ಜಿ ಬಾಗಲಕ್ಕ ಹಾಕು. ಒಂದು ಮಜಾ ಹೇಳತೇನಿ. ನಿಮ್ಮ ಯುನಿವರ್ಸಿಟಿ ಕಟ್ಟಿದಾಂವ, 1477ರಾಗ, ಎಬರ್‌ಹಾರ್ಟ್ ಅಂತ ಗಡ್ಡದ ದೊರಿ. ಪ್ರತಿ ವಾರ ಮನಿ ಹೊಲಸು ಊರ ಹೊರಗ ಒಯ್ಯಬೇಕು ಅಂತ 1492ರಾಗ ಸ್ಟುಟ್‌ಗಾರ್ಟ್ ಮಂದೀಗೆ ಕಟ್ಟಳಿ ಆದದ್ದೂ ಅವನ ಕಾಲದಾಗ. ಈ ಪಾಳಿ ಬೇರು ಅಲ್ಲೇ ಐತಿ ಅಂತಾರ. ಓದೂದೂ ಅವಂದ, ಕಸಾನೂ ಅವಂದ.

ನಾ ರಾಯ್ಟ್‌ಲಿಂಗನ್‌ದಾಗ ಇರಾಕತ್ತಿ ಆರು ವರ್ಷ ಆತು, ನಿನ್ನ ಬಾಜೂಕ. ಎರಡ ಮಾತು ನೆನಪಿಟಗೋ. ಒಂದು, ಕೀಲಿ. ಇಲ್ಲಿ ಬಾಗಲಾ ಎಳಕೊಂಡ್ರ ಹೊರಗಿಂದ ತೆರ್ಯಂಗಿಲ್ಲ. ಕಸದ ಬುಟ್ಟಿ ಖಾಲಿ ಮಾಡಾಕ ಚಪ್ಪಲ್ಯಾಗ ಇಳದು, ಕೀಲಿ ಒಳಗ ಬಿಟ್ಟು, ಜನವರಿ ಥಂಡ್ಯಾಗ ನಿಂತ ಶಾಣ್ಯಾ ನಾನ. ಬಾಗಲಾ ತೆಗ್ಯಾಂವ ಎರಡು ನಿಮಿಷದ ಕೆಲಸಕ್ಕ ನನ್ನ ಅರ್ಧ ತಿಂಗಳ ಬಾಡಿಗಿ ಇಸಗೊಂಡ.

ಎರಡು, ಹೊತ್ತು ಕೇಳೂ ಮುಂದ 'ಹಾಲ್ಪ್' ಅಂದ್ರ ಹುಷಾರ. ಒಬ್ಬರು ರೂಮ್ ನೋಡಾಕ 'ಹಾಲ್ಪ್ ತ್ಸೇನ್'ಗೆ ಬಾ ಅಂದಿದ್ರು. ತ್ಸೇನ್ ಅಂದ್ರ ಹತ್ತು, ಹಾಲ್ಪ್ ಅಂದ್ರ ಅರ್ಧ. ಹತ್ತೂವರಿ ಅಂತ ತಿಳಕೊಂಡು ಆರಾಮ ಚಾ ಕುಡದು ಹೋದೆ. ಅವರ ಲೆಕ್ಕದಾಗ ಅದು ಒಂಬತ್ತೂವರಿ, ಹತ್ತರ ಕಡೆ ಅರ್ಧ ದಾರಿ. ರೂಮ್ ಬ್ಯಾರೇದವರ ಪಾಲಾಗಿತ್ತು.

ಇನ್ನ ಭಾಷಾ. ಈ ಮಂದಿ ಸಣ್ಣ ವಸ್ತು ಎಲ್ಲದಕ್ಕೂ ಕಡೀಗೆ 'ಲೆ' ಹಚ್ಚತಾರ. ಹೌಸ್ ಅಂದ್ರ ಮನಿ, ಹಾಯ್ಸ್‌ಲೆ ಅಂದ್ರ ಸಣ್ಣ ಮನಿ. ಮೊದಲನೇ ತಿಂಗಳು ನನಗ ಎಲ್ಲಾರೂ ಲೇ ಲೇ ಅಂದಂಗ ಕೇಳಿ, ದುರ್ಗದ ಬೈಲಿನ್ಯಾಗ ನಿಂತಂಗ ಆಗತಿತ್ತು.

ಎಸ್ಲಿಂಗನ್_ಅಕ್ಕ

ಹುಬ್ಬಳ್ಳಿಯವರು ಹೇಳಿದ್ದು ಸರಿ. ಆದರೆ ಎಂತ ಮಾಡ್ಬೇಕು ಅಂತ ಹೇಳಲೇ ಇಲ್ಲ. ಗಂಡಸರು! ಕೇಳು ಮಾರಾಯ್ತಿ. ಸಣ್ಣ ಪಾಳಿ, ದೊಡ್ಡ ಪಾಳಿ ಅಂತ ಎರಡುಂಟು. ಸಣ್ಣದು ಅಂದ್ರೆ ನಿನ್ನ ಮಹಡಿಯಿಂದ ಕೆಳಗಿನ ಮಹಡಿವರೆಗಿನ ಮೆಟ್ಟಿಲು. ದೊಡ್ಡದರಲ್ಲಿ ಅಂಗಳ, ಮನೆ ಮುಂದಿನ ಕಾಲುದಾರಿ, ನೆಲಮಾಳಿಗೆ, ಹಿಮ ಬಿದ್ರೆ ಅದೂ. ಯಾವುದು ನಿಂದು ಅಂತ ಕೆಳಗೆ ಟಪಾಲು ಡಬ್ಬಿ ಹತ್ತಿರ ಪಟ್ಟಿ ಇರ್ಬೇಕು, ನೋಡು. ಕಾಲೊರಸು ಹೊರಗೆ ಕೊಡವು, ಮೇಲಿನಿಂದ ಕೆಳಗೆ ಗುಡಿಸು, ಆಮೇಲೆ ಬಟ್ಟೆ ಚೆನ್ನಾಗಿ ಹಿಂಡಿ ಒರಸು. ಮರದ ಮೆಟ್ಟಿಲಿಗೆ ನೀರು ಸುರೀಬೇಡ. ಕೈಹಿಡಿಕೆ ಮರೀಬೇಡ, ನೋಡುವವರು ಮೊದಲು ನೋಡುವುದು ಅದನ್ನೇ. ಶನಿವಾರದ ಒಳಗೆ ಮುಗಿಸು. ಭಾನುವಾರ ಬಕೆಟ್ ಸದ್ದು ಮಾಡಿದ್ರೆ ಮಾತ್ರ ನಿಜವಾಗಿ ಬೈಸಿಕೊಳ್ತೀ.

ಇಂಗಿಗೆ ಹೆದರಬೇಡ. ಅಡುಗೆ ಮಾಡುವಾಗ ಕಿಟಕಿ ಪೂರ್ತಿ ತೆಗೆ, ಐದೇ ನಿಮಿಷ, ಚಳಿ ಇದ್ರೂ. ಇಲ್ಲಿಯವರಿಗೆ ಗಾಳಿ ಬಿಡುವುದು ಒಂದು ವ್ರತ.

ಮತ್ತೆ, ಮನೆಗೆ ಬಂದ ಎರಡು ವಾರದ ಒಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸ್ಲಿಕ್ಕುಂಟು, ಆಯ್ತಾ ಇಲ್ವಾ? ಅದಾದ ಮೇಲೆ ಟಿವಿ, ರೇಡಿಯೋ ಶುಲ್ಕದ ಕಾಗದ ಬರ್ತದೆ, ತಿಂಗಳಿಗೆ 18.36 ಯೂರೋ. ಅದು ಮನೆಗೊಂದು, ತಲೆಗೊಂದಲ್ಲ. ಉಳಿದಿಬ್ಬರ ಹತ್ತಿರ ಕೇಳು, ಒಬ್ಬರು ಕಟ್ತಿದ್ರೆ ಪಾಲು ಕೊಟ್ರೆ ಸಾಕು.

ನಾನು ಮಂಗಳೂರಿನವಳು, ಬಲ್ಮಠದ ಹತ್ತಿರ ಮನೆ. ಇಲ್ಲಿಗೆ ಬಂದು 22 ವರ್ಷ. ನಿನಗೆ ಆ ಊರು ಪರಕೀಯ ಅನ್ನಿಸಿದ್ರೆ ಒಂದು ಕೆಲಸ ಮಾಡು. ನದಿ ದಡದಲ್ಲಿ ಹಳದಿ ಗೋಪುರ ನೋಡಿದ್ದಿ ಅಲ್ವಾ? ಹ್ಯೋಲ್ಡರ್ಲೀನ್ ಅಂತ ಕವಿ, ಮನಸ್ಸು ಕೆಟ್ಟು 36 ವರ್ಷ ಅಲ್ಲೇ ಇದ್ದು 1843ರ ಜೂನ್‌ನಲ್ಲಿ ತೀರಿಕೊಂಡದ್ದು. ಅದರ ಮರು ತಿಂಗಳು, ಜುಲೈ 1ಕ್ಕೆ, ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂತು. ಹೊರಡಿಸಿದವರು ಹರ್ಮನ್ ಮೋಗ್ಲಿಂಗ್, ನಿನ್ನ ಟ್ಯೂಬಿಂಗನ್‌ನಲ್ಲೇ ದೇವಶಾಸ್ತ್ರ ಓದಿದವರು. ತೀರಿಕೊಂಡದ್ದು ನಮ್ಮ ಎಸ್ಲಿಂಗನ್‌ನಲ್ಲಿ, 1881ರಲ್ಲಿ. ಇನ್ನು ಕಿಟೆಲ್ ಗೊತ್ತಲ್ಲ, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಉಂಟಲ್ಲ, ಅವರೇ. 1894ರಲ್ಲಿ ನಿಘಂಟು ಬಂದ ಮೇಲೆ ಅವರ ಕೊನೆಗಾಲ ಕಳೆದದ್ದು ಟ್ಯೂಬಿಂಗನ್‌ನಲ್ಲಿ, 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ನೀನು ನಡೆಯುವ ಕಲ್ಲುಹಾಸಿನ ಮೇಲೆ ಕನ್ನಡ ಗೊತ್ತಿದ್ದವರು ನಿನಗಿಂತ ನೂರು ವರ್ಷ ಮೊದಲೇ ನಡೆದಿದ್ದಾರೆ.

ಕಲ್ಪತರು_ಹುಡುಗಿ (ಭಾನುವಾರ)

ಅಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೋಂದಣಿ ಬುಧವಾರ ಆಯಿತು. ಪಟ್ಟಿಯಲ್ಲಿ ನಮ್ಮದು ಸಣ್ಣ ಪಾಳಿ.

ನಿನ್ನೆ ಬೆಳಿಗ್ಗೆ ಶುರು ಮಾಡಿದೆ. ಹದಿನೇಳು ಮೆಟ್ಟಿಲು. ನಮ್ಮ ಮನೆಯಲ್ಲಿ ಬಾಗಿಲಿಗೆ ನೀರು ಹಾಕೋದು ನನ್ನ ಕೆಲಸವೇ ಆಗಿತ್ತು, ಆದರೆ ಅಲ್ಲಿ ಬಕೆಟ್ ಎತ್ತಿ ಚೆಲ್ಲಿದರೆ ಮುಗೀತು. ಇಲ್ಲಿ ಮೊಣಕಾಲೂರಿ ಒಂದೊಂದೇ ಮೆಟ್ಟಿಲು. ಸವೆದು ನಡುವೆ ತಗ್ಗಾಗಿವೆ, ಆ ತಗ್ಗಲ್ಲಿ ಧೂಳು ಕೂರಲ್ಲ, ಎರಡು ತುದಿಯಲ್ಲೇ ಇರೋದು. ನಾಲ್ಕನೇ ಮೆಟ್ಟಿಲ ಮೂಲೆಯಲ್ಲಿ ಎರಡು ಸಾಸಿವೆ ಕಾಳು ಸಿಕ್ಕವು. ಅವು ಅಲ್ಲಿಗೆ ಹೇಗೆ ಬಂದವು ದೇವರಿಗೇ ಗೊತ್ತು, ಬಹುಶಃ ನನ್ನ ಚಪ್ಪಲಿಗೆ ಅಂಟಿ. ಯಾರೂ ನೋಡೋ ಮೊದಲು ಜೇಬಿಗೆ ಹಾಕಿಕೊಂಡೆ. ಮುಗಿದ ಮೇಲೆ ಕೈ ತನ್ನಷ್ಟಕ್ಕೆ ರಂಗೋಲಿ ಡಬ್ಬಿ ಹುಡುಕಿತು. ಇರಲಿ ಬಿಡಿ, ಅದಕ್ಕೆ ಯಾವ ಕಟ್ಟಳೆ ಇದೆಯೋ.

ಅಷ್ಟರಲ್ಲಿ ಅಜ್ಜಿ ಹೊರಬಂದರು. ಮೆಟ್ಟಿಲು ನೋಡಿದರು. ಅಕ್ಕ ಹೇಳಿದ ಹಾಗೇ ಕೈಹಿಡಿಕೆ ಮೇಲೆ ಬೆರಳು ಎಳೆದು ಬೆರಳು ನೋಡಿಕೊಂಡರು. ಏನೂ ಹೇಳಲಿಲ್ಲ. 'ಅಡೇ' ಅಂತ ಒಳಗೆ ಹೋದರು. ಇದು ಪಾಸಾ ಫೇಲಾ? ಸಂಜೆ ಹಲಗೆ ಅವರ ಬಾಗಿಲಿಗೆ ಹಾಕಿದೆ, ಜೊತೆಗೆ ಒಂದು ಕಾಗದದಲ್ಲಿ ಎರಡು ತುಂಡು ಕೊಬ್ಬರಿ ಮಿಠಾಯಿ.

ಹುಬ್ಬಳ್ಳಿಯಾಂವ

ಪಾಸ್ ಅಲ್ಲವಾ, ಡಿಸ್ಟಿಂಕ್ಷನ್! ಅಡೇ ಅಂದ್ರ ಬರತೇನಿ ಅಂದಂಗ. ಬೈಲಿಲ್ಲಂದ್ರ ಅದ ಹೊಗಳಿಕಿ ಅಂತ ಇಲ್ಲಿಯವರದೊಂದು ಗಾದಿನ ಐತಿ. ನನ್ನ ಮಾಲೀಕ ಆರು ವರ್ಷದಾಗ ನನಗ ಒಂದ ಸರ್ತಿ 'ಪರವಾಗಿಲ್ಲ' ಅಂದಾನ. ಆ ದಿನ ಮನ್ಯಾಗ ಶಿರಾ ಮಾಡಿದ್ದೆ.

ಕಲ್ಪತರು_ಹುಡುಗಿ

ಈಗ ಅರ್ಜೆಂಟ್. ಬಾಗಿಲ ಸಂದಿಯಿಂದ ಚೀಟಿ ಬಂದಿದೆ. ಅಜ್ಜಿಯದೇ ಕೈಬರಹ ಇರಬೇಕು, ಸೊಟ್ಟ ಅಕ್ಷರ. ಇವತ್ತು ಕಾಫಿ, ಕೇಕು, 'ಹಾಲ್ಪ್ ಫ್ಯುನ್ಫ್'. ಫ್ಯುನ್ಫ್ ಅಂದರೆ ಐದು. ಹಾಗಾದರೆ ನಾಲ್ಕೂವರೆ ತಾನೇ? ಬೇಗ ಹೇಳಿ, ಈಗಲೇ ನಾಲ್ಕು ಇಪ್ಪತ್ತು.

ಎಸ್ಲಿಂಗನ್_ಅಕ್ಕ

ನಾಲ್ಕೂವರೆ. ತಡ ಮಾಡಬೇಡ, ಬೇಗವೂ ಹೋಗಬೇಡ. ಕೇಕಿನಲ್ಲಿ ಮೊಟ್ಟೆ ಇರ್ತದೆ, ತಿನ್ನುವುದಿಲ್ಲ ಅಂದ್ರೆ ಮೊದಲೇ ಹೇಳು.

ಹುಬ್ಬಳ್ಳಿಯಾಂವ

ಎದುರಿಗೇ ಮನಿ ಅಂತ ಬಾಗಲಾ ಎಳಕೊಂಡು ಹೋಗೀ. ಕೀಲಿ ತಗೋ.